ಎಂಟರಲ್ಲಿ ಏಳು

ಅಡುಗೆಮನೆಯ ಗೋಡೆಯ ಮೇಲೆ
ಸೆಪ್ಟೆಂಬರಿನ ಹಾಳೆ ಆಗಲೇ ತುಂಬಿಹೋಗಿದೆ:
ಹೊಸವರ್ಷ, ಉಪವಾಸ, ಚಪ್ಪರದ ಹಬ್ಬ,
ನಲವತ್ತು ಜನರ ಊಟ, ಮೂವರಿಗೂ ಹೊಸ ಬೂಟು,
ಪೆಸ್ಯಾಳ ಹಲ್ಲಿನ ಡಾಕ್ಟರು,
ಇವೆಲ್ಲದರ ಸಂದಿಯಲ್ಲಿ, ಪೆನ್ಸಿಲಿನಲ್ಲಿ, ‘ಪಾಠ ಶುರು’.
ಅದನ್ನು ಗೋಡೆಗೇ ಬಿಟ್ಟು
ಹಳೆಯ ವ್ಯಾನಿನಲ್ಲಿ ಉತ್ತರಕ್ಕೆ ಹೊರಟೆವು,
ಡೆಟ್ರಾಯಿಟಿನಿಂದ ಎಂಟು ಗಂಟೆಯ ದಾರಿ,
ದೊಡ್ಡ ಸೇತುವೆ ದಾಟಿ
ಸುಪೀರಿಯರ್ ಸರೋವರದ ದಂಡೆಗೆ.

ಟೀಚರೂ ನಾನೇ, ಅಮ್ಮನೂ ನಾನೇ ಆದ ಮನೆಯಲ್ಲಿ
ರಜೆಯ ಗಂಟೆ ಹೊಡೆಯುವವರಿಲ್ಲ.
ಬರ್ಚ್ ಮರ ಎಣಿಸಿದರೆ ಗಣಿತ,
ದಂಡೆಯ ಕಲ್ಲು ಒಡೆದರೆ ವಿಜ್ಞಾನ.
ಬೇಡ ಬೇಡವೆಂದರೂ ಬಾಯಿಗೆ ಬರುತ್ತದೆ:
‘ಇದರಿಂದ ಏನು ಕಲಿತೆವು?’
ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ.

ಎರಡು ಪಾತ್ರೆ, ಎರಡು ಸೌಟು.
ಕೆಂಪು ಟೇಪಿನದು ಮಾಂಸಕ್ಕೆ, ನೀಲಿಯದು ಹಾಲಿಗೆ.
ಮೊದಲ ರಾತ್ರಿಯೇ ರಕೂನ್ ಒಂದು ಬಂದು
ಎರಡನ್ನೂ ಒಂದೇ ನಾಲಿಗೆಯಲ್ಲಿ ನೆಕ್ಕಿ ಹೋಯಿತು.
ಬೆಳಿಗ್ಗೆ ಗೆಡಾಲ್ಯ ಗಡ್ಡ ತುರಿಸುತ್ತ ನಿಂತ,
ಈ ಪ್ರಶ್ನೆ ಯಾವ ಪುಸ್ತಕದ ಯಾವ ಪುಟದ್ದೆಂದು.
ಆ ದಿನ ಬ್ರೆಡ್ಡು, ಸೌತೆಕಾಯಿ,
ಬೊಗಸೆಗಟ್ಟಲೆ ಕಾಡಿನ ಬ್ಲೂಬೆರ್ರಿ.

ಇದು ಎಲುಲ್ ತಿಂಗಳು.
ಬೆಳಗಾದರೆ ಟಗರಿನ ಕೊಂಬು ಊದಬೇಕು,
ಮಲಗಿದ ಮನಸ್ಸು ಎದ್ದು ಲೆಕ್ಕ ಒಪ್ಪಿಸಲೆಂದು.
ಈ ವರ್ಷ ಬ್ರೂರ್ಯಾಳ ಸರದಿ.
ಮೊದಲು ಬರಿಯ ಎಂಜಲು,
ಆಮೇಲೆ ನೆಗಡಿಯಾದ ಕರುವಿನ ಕೂಗು,
ಆಮೇಲೆ, ಅವಳಿಗೇ ದಿಗಿಲಾಗುವಂತೆ,
ಒಂದು ಉದ್ದನೆಯ ದನಿ
ಮಂಜಿನೊಳಗೆ ಹೋಗಿದ್ದು ಮರಳಿ ಬರಲೇ ಇಲ್ಲ.
ತುಸು ಹೊತ್ತಿಗೆ ಎಲ್ಲಿಂದಲೋ ಲೂನ್ ಹಕ್ಕಿ ಓಗೊಟ್ಟಿತು.
ಪಕ್ಕದ ಡೇರೆಯ ಮುದುಕ ಜಿಪ್ಪು ಸರಿಸಿ ಇಣುಕಿ
‘ಯಾರದೋ ಕಾರು ಕೂಗಿತಲ್ಲ’ ಅಂದ.

ಶನಿವಾರ ಮೂರು ನಕ್ಷತ್ರ ಕಾಣುವ ತನಕ
ಬೆಂಕಿ ಹಚ್ಚುವಂತಿಲ್ಲ.
ಉತ್ತರದ ಆಕಾಶಕ್ಕೆ ಅವಸರವಿಲ್ಲ,
ಸೊಳ್ಳೆಗಳಿಗೆ ಶಬ್ಬಾತ್ ಇಲ್ಲ.
ಕೊನೆಗೆ ಹೆಣೆದ ಬತ್ತಿ ಹತ್ತಿತು, ಗಾಳಿಗೆ ಆರಿತು, ಮತ್ತೆ ಹತ್ತಿತು,
ಲವಂಗದ ಡಬ್ಬಿ ಮೂಗಿಂದ ಮೂಗಿಗೆ ದಾಟಿತು.

ಡೇರೆಯ ಬಲೆಯ ನೆತ್ತಿಯಲ್ಲಿ ಆಕಾಶ ಕಂಡು
ಪೆಸ್ಯಾ ಕೇಳಿದಳು, ‘ಇದೇ ನಮ್ಮ ಚಪ್ಪರ ಅಲ್ವಾ?’
ಅಲ್ಲ ಪುಟ್ಟಾ, ಚಪ್ಪರದ ಸೂರು ನೆಲದಲ್ಲಿ ಬೆಳೆದದ್ದಾಗಬೇಕು,
ಸೊಪ್ಪು, ಬಿದಿರು, ಜೋಳದ ದಂಟು.
ನೈಲಾನ್ ಎಲ್ಲಿ ಬೆಳೆಯುತ್ತದೆ ಹೇಳು?
‘ಅಂಗಡಿಯಲ್ಲಿ.’

ಕೊನೆಯ ಬೆಳಿಗ್ಗೆ ಆನ್ಷೆಲ್ ಒಬ್ಬನೇ ಕಲ್ಲು ಆರಿಸುತ್ತಿದ್ದ.
ಯಾರನ್ನು ನೋಯಿಸಿದೆವೋ ಅವರನ್ನೇ ಕೇಳಬೇಕು,
ದೇವರೂ ಮನ್ನಾ ಮಾಡಲಾರದ ಸಾಲ ಅದು,
ಪಾಠ ಹೇಳಿದವಳು ನಾನೇ.
ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.
‘ಮಾರ್ಚಿನಲ್ಲಿ, ಆ ಭಿನ್ನರಾಶಿಯ ದಿನ, ನಾನು ಕಿರುಚಿದೆ.’
ಅವನು ತಲೆಯೆತ್ತಲಿಲ್ಲ.
‘ಮಂಗಳವಾರ. ಎಂಟರಲ್ಲಿ ಏಳು.
ನೀನು ನನ್ನ ಪೆನ್ಸಿಲ್ ಮುರಿದೆ.’

ಪೆನ್ಸಿಲು ನನಗೆ ಮರೆತೇಹೋಗಿತ್ತು.

ನೀರು ಬಂದು ನಮ್ಮಿಬ್ಬರ ಚಪ್ಪಲಿ ತೋಯಿಸಿ ಹೋಯಿತು.
ಅವನು ಒಂದು ಕಲ್ಲು ಬಿಸಾಡಿದ, ಇನ್ನೊಂದನ್ನು ಜೇಬಿಗಿಟ್ಟ.
‘ಎಂಟರಲ್ಲಿ ಏಳು ಭಾಗ ಕ್ಷಮಿಸಿದ್ದೀನಿ’ ಅಂದ,
‘ಉಪವಾಸದ ದಿನಕ್ಕೆ ಇನ್ನೂ ಟೈಮಿದೆಯಲ್ಲ.’
ಏನೋ ಅನ್ನಲು ಬಾಯಿ ತೆರೆದು
ಮುಚ್ಚಿಕೊಂಡೆ.

ಒದ್ದೆ ಡೇರೆ ಮಡಿಕೆಗೆ ಬಗ್ಗಲಿಲ್ಲ, ಆದಷ್ಟು ಸುತ್ತಿ ತುರುಕಿದೆವು.
ನೀರಿನಲ್ಲಿ ಕೆಂಪಗೆ ಹಸುರಾಗಿ ಹೊಳೆದ ಕಲ್ಲುಗಳೆಲ್ಲ
ಸೇತುವೆ ದಾಟುವಷ್ಟರಲ್ಲಿ ಬೂದಿಬಣ್ಣ.
ಹಿಂದಿನ ಸೀಟಿನಲ್ಲಿ ಆನ್ಷೆಲ್
ಒಂದೊಂದನ್ನೇ ನೆಕ್ಕಿ ನೋಡುತ್ತಿದ್ದ,
ಬಣ್ಣ ಇನ್ನೂ ಇದೆಯೇ ಎಂದು.