ಕಸ್ತೂರಿ ಪಾಳಿ

ಝುವಾರಿನಗರದಾಗ ನಳಕ್ಕ ನೀರು ಬರೂದು
ನಸುಕಿನ ನಾಕಕ್ಕ, ಅದೂ ದಿನ ಬಿಟ್ಟು ದಿನ.
ಇಲ್ಲಿ ಮನಶ್ಯಾರು ಪಾಳಿ ಹಚ್ಚೂದಿಲ್ಲ, ಕಲ್ಲು ಹಚ್ತಾವ.
ರಾತ್ರಿ ಇಟ್ಟು ಮಲಗಬೇಕು.
ಹೊತ್ತಾಗಿ ಬಂದ್ರ ನಿನ್ನ ಕಲ್ಲು ಯಾರೂ ಕಾಯೂದಿಲ್ಲ.

ಇಂಡಿ ಕಡೆಯಿಂದ ಬಂದ ಕಸ್ತೂರಿ
ಹಡದ ಇಪ್ಪತ್ತೊಂದನೇ ದಿನಕ್ಕ ಕೊಡ ಹಿಡದು ನಿಂತ್ಲು.
ಗಂಡ ಪೆಡಣೆ ಕಡೆ ಸೆಂಟ್ರಿಂಗ್ ಕೆಲಸಕ್ಕ,
ಹದಿನೈದು ದಿನಕ್ಕೊಮ್ಮೆ ಬರಾಂವ.
ತವರು ಇಲ್ಲ ಅಂದ್ಲು.
ಯಾಕ ಅಂತ ನಾ ಕೇಳಲಿಲ್ಲ.

ಕೂಸು ಚಾಪಿ ಮ್ಯಾಲ, ತಗಡಿನ ತೂತು ನೋಡ್ಕೋತ.
ಹಾಲು ಕುಡಿಸುವಾಗೂ ಆಕಿ ಕಣ್ಣು ಬಾಗಲದಾಗ.
ಮಾಬುಬಿ ಅಂದ್ಲು: ದೃಷ್ಟಿ ಆಗೇತಿ.
ಖೋಲಿ ಮಾಲಕಿ ಫಿಲೊಮೆನಾ ಎದೀ ಮ್ಯಾಲ ಶಿಲುಬಿ ಗೀರಿ
ಮನಸಿನ ಬ್ಯಾನಿ ಅಂದ್ಲು, ಕೊಂಕಣಿಯಾಗ.
ನಾ ಅಂದೆ: ಸೊಕ್ಕು.
ಅಂದಿದ್ದು ಈಗೂ ನಾಲಿಗಿ ಮ್ಯಾಲ ಕಹಿ ಐತಿ.

ಮೊದಲ ನಾವು ಮಾಡಿದ್ದು ತಪ್ಪ.
ಕೂಸಿನ ಎತಗೊಂಡ್ವಿ.
ಒಬ್ಬಾಕಿ ಎಣ್ಣಿ ಹಚ್ಚಿದ್ಲು, ಒಬ್ಬಾಕಿ ಎರದ್ಲು,
ಸೋನಾಬಾಯಿ ಕನ್ನಡಿ ಹಚ್ಚಿದ ಲಂಗದಾಗ ಮಲಗಿಸಿ
ಲಂಬಾಣಿ ಜೋಗುಳ ಅಂದ್ಲು.
ನಾಕು ಮನಿ, ನಾಕು ತೊಡಿ, ನಾಕು ಥರದ ವಾಸನಿ.
ಕಸ್ತೂರಿ ಗ್ವಾಡಿಗೆ ಆತು ಕುಂತು
ತನ್ನ ಕೂಸು ಪರರ ಕೈಯಾಗ ತಿರುಗೂದು ನೋಡಿದ್ಲು.
ಮೊಲಿ ಕಟ್ಟಿ ಕಲ್ಲಾತು. ಅದನ್ನೂ ಹೇಳಲಿಲ್ಲ.

ಅಂಗನವಾಡಿ ಸುಲಕ್ಷಾ ಬಾಯಿ ಒಂದಿನ ಬಂದ್ಲು,
ತೂಕದ ಜೋಲಿ ಹೆಗಲಿಗೆ ಹಾಕ್ಕೊಂಡು.
ಆಕಿ ಕನ್ನಡ ದೇವರಿಗೇ ಪ್ರೀತಿ.
ಕೂಸಿನ ತೂಗಿದ್ಲು, ಬರಕೊಂಡ್ಲು,
ನಮ್ಮೆಲ್ಲಾರ ಮಾರಿ ಒಮ್ಮೆ ನೋಡಿದ್ಲು.
"ಕೂಸು ತಗೋಬ್ಯಾಡ್ರಿ" ಅಂದ್ಲು. "ಕೊಡ ತಗೋರಿ."

ಅಷ್ಟ.
ಕಲಿಸಾಕ ಬರೂ ಮಂದಿ ಬಾಳ ಮಾತಾಡ್ತಾರ.
ಈಕಿಗೆ ಅಷ್ಟು ಮಾತು ಬರತಿದ್ದಿಲ್ಲ, ಅದು ನಮ್ಮ ಪುಣ್ಯ.

ಮರುದಿನದಿಂದ ಕಸ್ತೂರಿ ಕಲ್ಲು ನಾ ಇಡಾಕ ಹತ್ತಿದೆ,
ನನ್ನ ಕಲ್ಲಿನ ಮುಂದ.
ಮಾಬುಬಿ ಎರಡು ರೊಟ್ಟಿ ಹೆಚ್ಚಿಗಿ ಬಡದ್ಲು.
ಸೋನಾಬಾಯಿ ಬೋಗಮಾಳೊ ದಂಡಿಯಾಗ ಸರ ಮಾರಿ
ಬರೂ ಹಾದಿಯಾಗ ಸಬ್ಬಸಗಿ ಹಿಡಕೊಂಡು ಬಂದ್ಲು.
ಫಿಲೊಮೆನಾ ಬಾಡಿಗಿ ಕೇಳಾಕ ಬಂದಾಕಿ
ಬಿಸಿ ಪೇಜ್ ಕೊಟ್ಟು ಹೋದ್ಲು.
ಬಾಡಿಗಿ ಮಾತ್ರ ಬಿಡಲಿಲ್ಲ.

ಕೂಸು ಅವ್ವನ ತೊಡಿ ಮ್ಯಾಲ.
ಕೆಲಸ ಇಲ್ಲದ ಕೈ ಕಡೀಕ ಎಲ್ಲಿಗೆ ಹೋಗಬೇಕು?
ಮೊದಲ ಬಟ್ಟು ಎಣಿಸಿದ್ಲು. ಆಮ್ಯಾಲ ಉಗುರು.
ಆಮ್ಯಾಲ ಕಿವಿ ಹಿಂದಿನ ಕೆಂಪು ಮಚ್ಚಿ.
"ಇದು ನಮ್ಮವ್ವಗ ಇತ್ತು" ಅಂದ್ಲು,
ಮೂರು ತಿಂಗಳದಾಗ ಆಕಿ ತಾನಾಗಿ ಆಡಿದ ಮೊದಲ ಮಾತು.
ಕೂಸು "ಊಂ" ಅಂತು.
ಆಕೀನೂ "ಊಂ" ಅಂದ್ಲು.
ಸ್ವಲ್ಪ ತಡದು, ಕೂಸು ಮತ್ತ.
ನಾವು ಹೊರಗ
ಕೊಡದ ಬಾಯಿಗೆ ಅರಿವಿ ಕಟ್ಟೂ ನೆವದಾಗ
ಉಸರು ಹಿಡಕೊಂಡು ನಿಂತಿದ್ವಿ.

ದಾಬೋಳಿ ವಿಮಾನ ನಮ್ಮ ತಗಡಿನ ಮ್ಯಾಲೇ ಇಳೀತಾವ.
ಇಲ್ಲಿ ಹುಟ್ಟಿದ ಕೂಸುಗೋಳು ಆ ಸಪ್ಪಳಕ್ಕ ಬೆಚ್ಚಿ ಅಳತಾವ,
ದೊಡ್ಡಾಗೂತನಾ ಅಳತಾವ.
ಮೊನ್ನೆ ಒಂದು ಇಳೀತು, ಬಾಂಡೆ ಎಲ್ಲಾ ನಡಗಿದ್ವು.
ಕಸ್ತೂರಿ ಕೂಸಿಗೆ ಈಗ ಒಂಬತ್ತು ತಿಂಗಳು.
ಬೆಚ್ಚಿತು. ತುಟಿ ಸೊಟ್ಟ ಮಾಡಿತು.
ಅಳೂಕಿಂತ ಮೊದಲ
ಹೊಳ್ಳಿ ಅವ್ವನ ಮಾರಿ ನೋಡ್ತು:
ಅಂಜಬೇಕೇನ?
ಆಕಿ ಹುಬ್ಬು ಏರಿಸಿ ನಕ್ಕಳು.
ಕೂಸು ತುಟಿ ಸರಿ ಮಾಡ್ಕೊಂಡು
ವಿಮಾನಕ್ಕ ಕೈ ಚಾಚಿತು, ಕೊಡು ಅಂದಂಗ.

ನಾಳೆ ನೀರು.
"ನಿಮ್ಮ ಮೊಣಕಾಲು ನೋಯ್ತಾವ, ಕಲ್ಲು ನಾ ಇಡತೀನಿ"
ಅಂತಾಳ ಕಸ್ತೂರಿ.
ಮೂಲಿ ಖೋಲಿಗೆ ಹೊಸಾ ಬಸರಿ ಬಂದಾಳ,
ರಾಯಚೂರಿನಾಕಿ.
ಮೂರು ಕಲ್ಲು ಇಡು ಅಂದೆ.
ಆಕಿ ಹೆಸರು ಇನ್ನೂ ಗೊತ್ತಿಲ್ಲ.