ಬಾಡಿಸಿದ ಸೊಪ್ಪು

ಹಸಿಯಾಗಿ ಕೊಡಬಾರದು. ನೀರಿಳಿಯುವ ಸೊಪ್ಪು
ಹೊಟ್ಟೆ ಉಬ್ಬಿಸುತ್ತದೆ ಮೊಲಕ್ಕೆ.
ಇದನ್ನು ಯಾರೂ ಹೇಳಿಕೊಡಲಿಲ್ಲ.
ಮೊದಲ ಆಷಾಢದಲ್ಲಿ ಐದು ಮರಿ ಹೇಳಿಕೊಟ್ಟವು,
ಬೆಳಗಾಗುವಷ್ಟರಲ್ಲಿ ಗುಮಟೆಯಂತೆ ಬಿಗಿದು ಮಲಗಿ.

ಈಗ ರಾತ್ರಿಯೇ ಗೋಣಿಯ ಮೇಲೆ ಹರಡುತ್ತೇನೆ:
ಹರಿವೆ, ಮೂಲಂಗಿ ಎಲೆ, ನುಗ್ಗೆ,
ಯಾರೂ ಕೊಳ್ಳದೆ ಉಳಿದ ಗೆಣಸಿನ ಬಳ್ಳಿ.
ಒಳಗೆ ಫ್ಯಾನು ತಿರುಗುತ್ತದೆ ಸೊಪ್ಪಿಗೆ,
ನಾವಿಬ್ಬರೂ ಹೊರಗೆ, ಜಗುಲಿಯ ಸೆಕೆಯಲ್ಲಿ.
ಮದುವೆಯಾಗಿ ಹನ್ನೊಂದು ವರ್ಷ,
ಹೀಗೊಂದು ದಿನ ನನಗೆ ಗಾಳಿ ಹಾಕಿದ್ದುಂಟೇ
ಅನ್ನುತ್ತಾಳೆ ಶೈಲಾ.

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ
ಹದಿನಾಲ್ಕು ವರ್ಷ ಐಸು ಎಳೆದ ಕೈ ಇದು.
ಬೆರಳ ತುದಿಗೆ ತಣ್ಣಗೆ ಬೆಚ್ಚಗೆ ಬೇಗ ತಿಳಿಯುವುದಿಲ್ಲ.
ಅದಕ್ಕೇ ಸೊಪ್ಪಿನ ತೇವ ನೋಡುವುದು ಕೆನ್ನೆಗೆ ಒತ್ತಿ,
ಮಗುವಿನ ಜ್ವರ ನೋಡುವ ಹಾಗೆ.

ಭಾನುವಾರ, ಕಾರವಾರದ ಸಂತೆ ಏಳುವ ಹೊತ್ತಿಗೆ
ಹಮ್ಮಿಯ ಬುಟ್ಟಿಯ ಮುಂದೆ ನಿಲ್ಲುತ್ತೇನೆ.
ಅಂಕೋಲೆಯ ಬಸ್ಸು ಹಿಡಿಯುವ ಅವಸರ ಅವಳಿಗೆ.
ಉಳಿದ ಕಟ್ಟುಗಳನ್ನೆಲ್ಲ ನನ್ನ ಚೀಲಕ್ಕೆ ಸುರಿದು
ಕೊಟ್ಟಷ್ಟನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸುತ್ತಾಳೆ.
"ಎಂತಾ ಮಾಡೂಕೆ ಇಷ್ಟು ಸೊಪ್ಪು? ದನ ಉಂಟಾ?"
ಮೊಲ, ಅಂದೆ.
ಮೊಲವೇ! ಗದ್ದೆಯಂಚಿಗೆ ಬಂದು
ಹೆಸರಿನ ಚಿಗುರು ಕಚ್ಚಿ ಓಡುವ ಕಳ್ಳನಿಗೆ
ದುಡ್ಡು ಕೊಟ್ಟು ಉಣಿಸುವ ಮನುಷ್ಯ!
ಪಕ್ಕದ ಬುಟ್ಟಿಯವಳನ್ನೂ ಕರೆದು ಹೇಳಿ ನಕ್ಕಳು.

ಮಿಂಗೇಲನ ವಿಷಯ ಹೇಳಲಿಲ್ಲ ನಾನು.
ತಿಂಗಳಿಗೆರಡು ಸಲ ಕಾಣಕೋಣದಿಂದ ಬರುವ ಟೆಂಪೋ,
ಕಿವಿ ಹಿಡಿಯದೆ ಬೆನ್ನ ತೊಗಲು ಹಿಡಿದೆತ್ತಿ
ತಕ್ಕಡಿಗಿಡುವ ಅವನ ಮರ್ಯಾದೆ,
ಬರೀ ಫೀಡು ತಿಂದವಲ್ಲ ಇವು, ಮಾಂಸದಲ್ಲೇ ಗೊತ್ತಾಗುತ್ತದೆ
ಎಂಬ ಅವನ ಮೆಚ್ಚುಗೆ,
ಕೇಳಿ ನಾನು ಹಿಗ್ಗಿದ್ದು.

ಒಂದು ಭಾನುವಾರ ಅವಳೇ ಕೇಳಿದಳು,
ಮರಿ ಎಷ್ಟಾದವು, ದೊಡ್ಡವು ಎಲ್ಲಿ ಹೋದವು.
ಹೇಳಿದೆ.
ಕಟ್ಟುತ್ತಿದ್ದ ಕೈ ನಿಂತಿತು,
ಬಾಳೆನಾರಿನ ತುದಿ ಹಲ್ಲಲ್ಲೇ ಉಳಿಯಿತು.
ಆಮೇಲೆ ಅಂದಳು, "ನಾನೂ ನಸುಕಿಗೆದ್ದು ಕೊಯ್ಯೂದೇ."
ಅಷ್ಟೇ.
ಹೂವಿಗೂ ಸೊಪ್ಪಿಗೂ ಪೈರಿಗೂ ಕೋಳಿಯ ಕುತ್ತಿಗೆಗೂ
ನಮ್ಮಲ್ಲಿ ಒಂದೇ ಮಾತು ಎಂಬುದು
ಬಿಣಗಾ ಏರು ಹತ್ತುವಾಗ ಹೊಳೆಯಿತು.
ಸ್ಕೂಟರಿನಲ್ಲಿ ಕಾಲ ಬಳಿ ಚೀಲ ಅಲುಗುತ್ತಿತ್ತು
ಒಳಗೆ ಏನೋ ಇರುವ ಹಾಗೆ.

ಒಂದಿದೆ, ಎಳೆಯದಿದ್ದಾಗ ತಂತಿ ಬಲೆಗೆ ಸಿಕ್ಕಿ
ಹಿಂಗಾಲು ಕಳಕೊಂಡದ್ದು.
ತೂಕ ಬರುವುದಿಲ್ಲವೆಂದು ಮಿಂಗೇಲ ಒಯ್ಯುವುದಿಲ್ಲ.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ
ಊರವರು ಹಠ ಅನ್ನುತ್ತಾರೆ,
ನನ್ನ ಮನೆಯಲ್ಲಿ ಅದು ಬರೀ ಲೆಕ್ಕ:
ಹನ್ನೆರಡು ಗೂಡು, ಹನ್ನೆರಡು ಮೊಲ, ನಲವತ್ತೇಳು ಕಾಲು.
ಇದನ್ನೂ ಹಮ್ಮಿಗೆ ಹೇಳಿದ್ದೆ, ನಗಲಿ ಎಂದು.
ನಗಲಿಲ್ಲ.

ಕೊತ್ತಂಬರಿ ಎಂದೂ ಉಳಿಯುವುದಿಲ್ಲ ಸಂತೆಯಲ್ಲಿ.
ಈ ವಾರ ಬುಟ್ಟಿಯ ತಳದಿಂದ, ಕೆಸುವಿನೆಲೆ ಸರಿಸಿ,
ಸಣ್ಣದೊಂದು ಕಟ್ಟು ತೆಗೆದಳು.
"ಇದು ಆ ಕುಂಟಂಗೆ."
ದುಡ್ಡು ಚಾಚಿದೆ. ಬಸ್ಸು ಬಂತೆಂದು ಎದ್ದಳು.
ಬಸ್ಸು ಬಂದಿರಲಿಲ್ಲ.

ಅದನ್ನೂ ಹರಡಿದ್ದೇನೆ ಗೋಣಿಯ ಮೂಲೆಯಲ್ಲಿ, ಬೇರೆಯಾಗಿ.
ಮನೆಯೆಲ್ಲ ಘಮ.
ಬೆಳಗಿನ ಸಾರಿಗೆ ಎರಡು ದಂಟು ತೆಗೆಯಲೇ,
ಶೈಲಾ ಕೇಳುತ್ತಾಳೆ ಕತ್ತಲಲ್ಲಿ.
ಬೇಡ, ಅನ್ನುತ್ತೇನೆ,
ಅದು ಎಣಿಸಿ ಕೊಟ್ಟದ್ದು.