ಕೆಳಗಿನವಳು

ಓವಿಯ ಎಡ ಅಂಗಾಲಲ್ಲಿ ಒಂದು ಆಣಿ.
ಅವಳ ಅಮ್ಮನಿಗೂ ಗೊತ್ತಿಲ್ಲ,
ನನ್ನ ಬಲಭುಜಕ್ಕೆ ಗೊತ್ತು,
ದಿನಾ ತುಳಿದೇ ಮೇಲೇರುತ್ತಾಳೆ.

ಮುಲುಂಡಿನ ಶಾಲೆ, ಎರಡನೇ ಮಾಳಿಗೆ,
ಬೆಂಚುಗಳನ್ನು ಗೋಡೆಗೊತ್ತಿ ಹಾಸಿದ ನೀಲಿ ಮ್ಯಾಟು.
ಕೆಳಗೆ ನಾನು. ನನ್ನ ತೊಡೆಗಳ ಮೇಲೆ ಝೀನತ್.
ಅವಳ ಅಂಗೈಗಳ ಮೇಲೆ ತಲೆಕೆಳಗಾಗಿ ಓವಿ,
ಫ್ಯಾನಿಗೆ ಗೇಣು ದೂರ.
ಫ್ಯಾನು ಆರಿಸಿರುತ್ತೇವೆ, ಅದಕ್ಕೇ ಈ ಬೆವರು.

ಮೂರು ಸೆಕೆಂಡು ನಿಂತರಾಯಿತು.
ಘೋಸಾಳ್ಕರ್ ಸರ್ ಎಣಿಸುತ್ತಾರೆ: ಏಕ್, ದೋನ್,
ತೀನ್‌ಗೆ ಮೊದಲೊಂದು ಕೆಮ್ಮು.
ಆ ಕೆಮ್ಮನ್ನೂ ಹೊತ್ತು ನಿಲ್ಲುತ್ತೇವೆ.

ಫೋಟೊದಲ್ಲಿ ಓವಿಯ ಕಾಲ್ಬೆರಳ ತುದಿಯೂ ಕಾಣುತ್ತದೆ.
ನನ್ನ ಮುಖಕ್ಕೆ ಝೀನತಳ ಮೊಣಕಾಲು ಅಡ್ಡ.
ಅಜ್ಜಿ ಕನ್ನಡಕ ಏರಿಸಿ ಕೇಳಿದಳು,
ಇದರಲ್ಲಿ ನೀನೆಲ್ಲೇ?
ಇವರಿಬ್ಬರೂ ಬಿದ್ದಿಲ್ಲವಲ್ಲ ಅಜ್ಜಿ,
ಅಲ್ಲೇ.

ದೀಪಾವಳಿ ರಜೆ ಮುಗಿಸಿ ಬಂದ ದಿನ
ಓವಿ ಹತ್ತಿದಳು.
ಮೊದಲು ತಿಳಿದದ್ದು ನನ್ನ ಹಿಮ್ಮಡಿಗೆ,
ಆಮೇಲೆ ಝೀನತಳ ಮಣಿಕಟ್ಟಿಗೆ.
ಚಕ್ಕುಲಿಯ ಭಾರವಲ್ಲ ಇದು,
ಮೂಳೆ ಉದ್ದವಾಗುವ ಭಾರ.
ಇಬ್ಬರೂ ಬಾಯಿಬಿಡಲಿಲ್ಲ. ಏಕ್. ದೋನ್.
ಝೀನತಳ ಮೊಣಕೈ ಒಂದಿಷ್ಟು ನಡುಗಿತು,
ಸರ್ ಕೆಮ್ಮಲಿಲ್ಲ ಈ ಸಲ.
ಬಾಗಿಲ ಬಳಿ ನಿಂತು ನೋಡುವ
ಎಂಟು ವರ್ಷದ ಪೋರಿಯತ್ತ ತಿರುಗಿ
ಹೆಸರೇನು ಅಂದರು.

ವಾಪಸು ಲೋಕಲ್ಲಿನಲ್ಲಿ ಓವಿಗೆ ಕೂತಲ್ಲೇ ನಿದ್ದೆ,
ಕೂದಲ ತುಂಬ ಚಾಕ್ ಪುಡಿ,
ತಲೆ ನನ್ನ ಅದೇ ಭುಜಕ್ಕೆ.
ನಾಹೂರ್ ದಾಟಿತು.
ಭಾಂಡುಪ್ ಬಂತು.
ನಾನಿಳಿಯಬೇಕಿತ್ತು.